ಮದುವೆ ಸೀಸನ್‌ಗೆ ಮುಂಚೆ ಕಂಪ್ಯೂಟರ್ ಡ್ರೈವರ್, ಕೇಬಲ್ ನೋಡಿಕೊಳ್ಳಿ

ದಾವಣಗೆರೆ ಸ್ಟುಡಿಯೋ ಬಳಗದ ಎಲ್ಲರಿಗೂ ನಮಸ್ಕಾರ.

ಶನಿವಾರ ರಾತ್ರಿ ಹರಿಹರದ ಮದುವೆ ವಿಡಿಯೋ ಕಾಪಿ ಮಾಡ್ತಿದ್ದೆ, 200 ಜಿಬಿ. ಅರ್ಧಕ್ಕೆ ಬರೋಷ್ಟರಲ್ಲಿ ಡಾಕ್‌ಗೆ (ಮಾನಿಟರ್, ಡಿಸ್ಕ್ ಎಲ್ಲಾನೂ ಲ್ಯಾಪ್‌ಟಾಪ್‌ಗೆ ಜೋಡಿಸೋ ಪೆಟ್ಟಿಗೆ) ಹಾಕಿದ್ದ ಮಾನಿಟರ್ ಕಪ್ಪಾಯ್ತು. ಎಸ್‌ಎಸ್‌ಡಿ ಡಿಸ್ಕಿನ ನೀಲಿ ದೀಪ ಎರಡು ಸಲ ಮಿಣುಕಿ ಆರಿಹೋಯ್ತು. ಕ್ಯಾಮೆರಾ ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಅದೊಂದೇ ಪುಣ್ಯ. ಇಲ್ಲದಿದ್ರೆ ಆ ಮನೆಯವರಿಗೆ ಏನಂತ ಹೇಳ್ತಿದ್ದೆ?

ಡಿಸ್ಕ್ ಹಾಳಾಗಿರಲಿಲ್ಲ. ಹಿಂದಿನ ದಿನ ಸಿಸ್ಟಮ್ ಅಪ್‌ಡೇಟ್ ಆಗಿತ್ತು, ಡಾಕ್ ಜೋಡಿಸೋ ವೇಗದ ಪೋರ್ಟ್ ಥಂಡರ್‌ಬೋಲ್ಟ್, ಅದನ್ನ ನಡೆಸೋ ಸಾಫ್ಟ್‌ವೇರ್ ಅಂದ್ರೆ ಡ್ರೈವರ್ ಮಾತ್ರ ಹಳೇದೇ ಉಳಿದಿತ್ತು. ಲ್ಯಾಪ್‌ಟಾಪ್ ಕಂಪನಿಯ ಸೈಟಲ್ಲೇ ಮಾಡೆಲ್ ನಂಬರ್ ಹಾಕಿ ಚಿಪ್‌ಸೆಟ್, ಥಂಡರ್‌ಬೋಲ್ಟ್, ಗ್ರಾಫಿಕ್ಸ್ ಡ್ರೈವರ್ ಇಳಿಸಿಕೊಂಡೆ, ಡಾಕ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಕೂಡ. ಆಮೇಲೆ ಒಂದು ಸಲವೂ ಕಟ್ ಆಗಿಲ್ಲ. ಡ್ರೈವರ್ ತಾನೇ ಹುಡುಕಿಕೊಡ್ತೀನಿ ಅನ್ನೋ ಸಾಫ್ಟ್‌ವೇರ್‌ಗಳನ್ನ ದಯವಿಟ್ಟು ಹಾಕಬೇಡಿ.

ಕೇಬಲ್ ವಿಷಯಾನೂ ಹೇಳಿಬಿಡ್ತೀನಿ. ಟೈಪ್-ಸಿ ಬಾಯಿ ನೋಡೋಕೆ ಒಂದೇ ಥರ, ಒಳಗೆ ಬೇರೆ ಬೇರೆ. ಮೊಬೈಲ್ ಚಾರ್ಜರ್ ಜೊತೆ ಬರೋದು ಹೆಚ್ಚಾಗಿ ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್ ಅಷ್ಟೇ. ಥಂಡರ್‌ಬೋಲ್ಟ್ 3 ಆದ್ರೆ 40 ಗಿಗಾಬಿಟ್‌ವರೆಗೆ. ಅಂಥ ಚಾರ್ಜರ್ ಕೇಬಲಲ್ಲಿ ಮಾನಿಟರ್‌ಗೆ ನೇರವಾಗಿ ಚಿತ್ರಾನೂ ಹೋಗಲ್ಲ.

ಡಿಸ್‌ಪ್ಲೇಲಿಂಕ್ (ಸಾಫ್ಟ್‌ವೇರ್ ಮೂಲಕ ಯುಎಸ್‌ಬಿಯಲ್ಲಿ ಚಿತ್ರ ಕಳಿಸೋ ತಂತ್ರ) ಡಾಕ್ ಇರೋರು ಅದರ ಡ್ರೈವರ್ ಬೇರೆಯಾಗಿ ಹಾಕಬೇಕು. ಮ್ಯಾಕ್ ಆದ್ರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿಯನ್ನೂ ಕೊಡಿ.

ಎರಡು ಕಡೆ ಕಾಪಿ ಆಗಿ, ಫೈಲ್ ತೆರೆದು ನೋಡೋವರೆಗೂ ಕಾರ್ಡ್ ಮುಟ್ಟಬೇಡಿ. ತೊಂದರೆ ಇರೋರು ಬುಧವಾರ ಸಂಜೆ ಪಿ.ಜೆ. ಬಡಾವಣೆಯ ನಮ್ಮ ಅಂಗಡಿಗೆ ಬನ್ನಿ, ಡಾಕ್ ಜೊತೆ ಕೇಬಲನ್ನೂ ತನ್ನಿ.