ಆರು ವರ್ಷ ಅಂತಲೇ ಹೇಳು

ಹಾಸನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಸೋಮವಾರ ಕೈಸೇರಿತು. ಫೋನಿನಲ್ಲಿ ಹೇಳೋಕೆ ಆಗದ್ದನ್ನು ಬರೆದಿದ್ದೀಯ. ಮೂರು ಸಲ ಓದಿದೆ.

ಪಿಎಚ್‌ಡಿ ಮಾಡಬೇಕು ಅನ್ನುವ ಆಸೆ ನಿನಗೆ ಮೈಸೂರಿನಲ್ಲಿ ಎಂ.ಎ. ಓದುವಾಗ ಹುಟ್ಟಿದ್ದು ಅಂತ ನೀನು ಅಂದುಕೊಂಡಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ನಿನಗೆ ಆಗ ಹತ್ತೋ ಹನ್ನೊಂದೋ ವರ್ಷ. ಊರ ಕೆರೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಕುದುರೆಯ ಕಾಲು ಕಂಡು, "ಅತ್ತೆ, ಈ ಕಲ್ಲೊಳಗೆ ಯಾರೋ ಇದ್ದಾರೆ" ಅಂತ ಓಡಿ ಬಂದಿದ್ದೆ. ಅದು ವೀರಗಲ್ಲು, ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಆಳುಗಳಿಂದ ಮಣ್ಣು ಬಿಡಿಸಿ, ನೀರು ಹಾಕಿ ತೊಳೆಸಿ ನಿನಗೆ ತೋರಿಸಿದ್ದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುವುದು. ಎಲ್ಲ ಕೇಳಿಸಿಕೊಂಡು ನೀನು ಒಂದೇ ಮಾತು ಕೇಳಿದೆ: "ಅವನ ಹೆಂಡತಿ ಎಲ್ಲಿ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ವೀರಗಲ್ಲು ನಿಲ್ಲಿಸಿದ ಹೆಂಗಸರ ಬಗ್ಗೆ ಕೆಲಸ ಮಾಡಬೇಕು ಅಂತ ಬರೆದಿದ್ದೀಯ. ಅದನ್ನು ಓದಿ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ.

ಆದರೆ ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿದೆ. "ಅಪ್ಪನಿಗೆ ಸದ್ಯಕ್ಕೆ ಮೂರು ವರ್ಷ ಅಂತ ಹೇಳ್ತೀನಿ, ಆಮೇಲೆ ನೋಡಿಕೊಂಡರಾಯಿತು." ಆ ಸಾಲಿಗಾಗಿಯೇ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ. ಹಾಗೆ ಹೇಳಬೇಡ ಕಣೆ.

ನಾನೂ ಹಾಗೇ ಹೇಳಿದ್ದೆ. 1994ರಲ್ಲಿ, ಮದುವೆಯಾಗಿ ಎರಡು ವರ್ಷಕ್ಕೆ, ಹೊಯ್ಸಳರ ಕಾಲದ ಕೆರೆಗಳ ಬಗ್ಗೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದೆ. ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಕೂಸು. ಮನೆಯವರು ಒಪ್ಪಲಿ ಅಂತ "ಮೂರು ವರ್ಷ ಅಷ್ಟೇ" ಅಂದೆ. ಅಷ್ಟರಲ್ಲಿ ಮುಗಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಗಂಡನ ತಾಯಿ, ಅತ್ತೆಯವರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಮೂರು ವರ್ಷ ಅಡುಗೆ ಮಾಡಿದರು. ಒಂದು ದಿನವೂ ಬೇಸರದ ಮಾತಿಲ್ಲ. ನಾಲ್ಕನೇ ವರ್ಷ ನನ್ನ ಗೈಡ್ ನಿವೃತ್ತರಾದರು. ಹೊಸಬರು ಬಂದು ವಿಷಯವನ್ನೇ ಬದಲಾಯಿಸು ಅಂದರು. ಮನೆಗೆ ಬಂದು ಇನ್ನೂ ಎರಡು ವರ್ಷ ಬೇಕು ಅಂದಾಗ ಅತ್ತೆಯವರು ಜಗಳ ಆಡಲಿಲ್ಲ. "ಮೂರು ವರ್ಷ ಅಂದಿದ್ದೆಯಲ್ಲಮ್ಮಾ" ಅಂದರು, ಅಷ್ಟೇ. ಅವರ ಮಂಡಿ ನೋವು ಆಗ ಶುರುವಾಗಿತ್ತು. ನನಗೆ ತಲೆ ಎತ್ತೋಕೆ ಆಗಲಿಲ್ಲ. 1999ರಲ್ಲಿ ಎರಡು ಅಧ್ಯಾಯ ಬರೆದಿದ್ದನ್ನು ಕಟ್ಟಿ ಟ್ರಂಕಿನಲ್ಲಿಟ್ಟೆ.

ಗೈಡ್ ಬದಲಾಗಿದ್ದಕ್ಕೆ ಬಿಟ್ಟೆ ಅಂತ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನಿಜ ಅದಲ್ಲ. ಹೊಸ ಗೈಡ್ ಜೊತೆ ಹೇಗೋ ಹೊಂದಿಕೊಳ್ಳಬಹುದಿತ್ತು. ಮೊದಲೇ ಆರು ವರ್ಷ ಅಂದಿದ್ದರೆ ಮನೆಯವರು ಆರು ವರ್ಷಕ್ಕೆ ತಯಾರಾಗುತ್ತಿದ್ದರು. ಇಲ್ಲಾ ಆಗಲ್ಲ ಅನ್ನುತ್ತಿದ್ದರು, ಅವತ್ತೇ ಕೂತು ಮಾತಾಡಬಹುದಿತ್ತು. ನಾನು ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಈಗ ನಿಯಮ ಏನು ಹೇಳುತ್ತದೆ ನೋಡು. ಯುಜಿಸಿಯ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ, 2022ರ ನಿಯಮದಲ್ಲಿ ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಆಮೇಲೂ ಮರುನೋಂದಣಿ ಮಾಡಿಸಿ 2 ವರ್ಷ ಪಡೆಯಬಹುದು. ಹೆಂಗಸರಿಗೆ ಅದರ ಮೇಲೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಹೆರಿಗೆಗೆ, ಮಗು ನೋಡಿಕೊಳ್ಳೋಕೆ ಒಟ್ಟು 240 ದಿನದವರೆಗೆ ರಜೆಯೂ ಇದೆ. ನನ್ನ ಕಾಲದಲ್ಲಿ ಇದನ್ನೆಲ್ಲ ನನಗೆ ಕೂರಿಸಿ ಹೇಳುವವರು ಯಾರೂ ಇರಲಿಲ್ಲ. ನೀನು ಈ ಸಾಲುಗಳನ್ನು ಮುದ್ರಿಸಿಕೊಂಡು ಇಟ್ಟುಕೋ. ಮದುವೆ ಮಾತು ಬಂದಾಗಲೂ ಬೇಕಾಗುತ್ತದೆ. ಗಂಡಿನ ಮನೆಯವರಿಗೂ ಇದೇ ಲೆಕ್ಕ ಹೇಳು, ಅವರಿಗೊಂದು ಇವರಿಗೊಂದು ಬೇಡ.

ಮೊದಲು ಕೋರ್ಸ್‌ವರ್ಕ್, ಅಂದರೆ ಸಂಶೋಧನೆಗೆ ಮುಂಚಿನ ತರಗತಿಗಳು. ಆಮೇಲೆ ಊರೂರು ತಿರುಗಿ ಕಲ್ಲು ನೋಡುವುದು. ಮಳೆಗಾಲದಲ್ಲಿ ಅರೇಹಳ್ಳಿ ಕಡೆ ಒಂದು ಕಲ್ಲನ್ನೂ ಓದೋಕೆ ಆಗಲ್ಲ, ಹಾವಸೆ ಹಿಡಿದಿರುತ್ತದೆ, ಜಿಗಣೆ ಬೇರೆ. ಹಾಗಾಗಿ ವರ್ಷದಲ್ಲಿ ನಿನಗೆ ಸಿಗುವುದು ಆರೇಳು ತಿಂಗಳು. ಬರೆಯೋಕೆ ಒಂದೂವರೆ ವರ್ಷ. ಥೀಸಿಸ್ ಕೊಟ್ಟ ಮೇಲೂ ಪರೀಕ್ಷಕರು ಓದಬೇಕು, ವೈವಾ, ಅಂದರೆ ಮೌಖಿಕ ಪರೀಕ್ಷೆ, ಆಗಬೇಕು. ನೆಟ್‌ಗೆ, ಅಂದರೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗೆ, ಓದುವುದನ್ನೂ ಸೇರಿಸಿದರೆ ಆರು ವರ್ಷ ಅನ್ನೋದು ಜಾಸ್ತಿ ಏನಲ್ಲ, ಅಲ್ವಾ?

ಅಪ್ಪ ಕೇಳಿ ಗಾಬರಿಯಾಗುತ್ತಾನೆ ಅಂತ ನಿನಗೆ ಭಯ. ಅವನು ನನ್ನ ಅಣ್ಣ, ನನಗೆ ಗೊತ್ತು. ಅವನಿಗೆ ಕಾಯೋಕೆ ಬರಲ್ಲ ಅಂದುಕೊಳ್ಳಬೇಡ. ಕಾಫಿ ಗಿಡ ಇಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತಾನೆ. ಸಿಲ್ವರ್ ಓಕ್ ಸಸಿ ನೆಟ್ಟು, ಇದು ನನ್ನ ಕಾಲಕ್ಕಲ್ಲ ಅಂತ ನಗುತ್ತಾನೆ. ಗಿಡ ಇಡುವ ದಿನವೇ ಎಷ್ಟು ವರ್ಷ ಅಂತ ಅವನಿಗೆ ಗೊತ್ತಿರುತ್ತದೆ, ಅದಕ್ಕೇ ಅವನಿಗೆ ಕಷ್ಟ ಅನ್ನಿಸುವುದಿಲ್ಲ. ಹೋದ ವರ್ಷ ಶುಂಠಿ ಕೊಳೆತು ಹೋದಾಗ ಅವನು ಕುಸಿದಿದ್ದನ್ನು ನೀನೂ ನೋಡಿದ್ದೀಯ. ಹಾಕಿದ ದುಡ್ಡು ಹೋಯಿತು, ಅದೊಂದೇ ಅಲ್ಲ. ಹತ್ತು ತಿಂಗಳಿಗೆ ಕೈಗೆ ಬರುತ್ತೆ ಅಂತ ನಂಬಿದ್ದು ಬರಲಿಲ್ಲ. ನಿನ್ನ ಓದು ಅವನಿಗೆ ಹಾಗಾಗಬಾರದು.

ದುಡ್ಡಿನ ಮಾತನ್ನೂ ಅಷ್ಟೇ ಬಿಚ್ಚಿ ಹೇಳು. ನೆಟ್‌ನಲ್ಲಿ ಒಳ್ಳೆಯ ಅಂಕ ಬಂದವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದರೆ 42,000. ಒಟ್ಟು 5 ವರ್ಷ. 2023ರ ಜನವರಿಯಿಂದ ಈ ಮೊತ್ತ. ಸಿಕ್ಕರೆ ಮನೆಯಿಂದ ಒಂದು ರೂಪಾಯಿ ಬೇಡ. ಆದರೆ "ಸಿಕ್ಕೇ ಸಿಗುತ್ತೆ" ಅಂತ ಹೇಳಬೇಡ. ಸಿಗದಿದ್ದರೆ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿಕೊಂಡು ಓದುತ್ತೀನಿ, ಆಗ ಇನ್ನೂ ಒಂದು ವರ್ಷ ಹಿಡಿಯಬಹುದು ಅಂತ ಅದನ್ನೂ ಸೇರಿಸು.

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು. ಮೂರು ಗಂಟೆ, 150 ಪ್ರಶ್ನೆ, ತಪ್ಪಾದರೆ ಅಂಕ ಕಳೆಯುವುದಿಲ್ಲ. 2024ರಿಂದ ಆ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ತೆಗೆದುಕೊಳ್ಳುತ್ತಾರೆ, ಆದರೆ ಅದು ಒಂದು ವರ್ಷ ಮಾತ್ರ ನಡೆಯುತ್ತದೆ. ಇತಿಹಾಸದ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ನೀನು ಕನ್ನಡದಲ್ಲೇ ಓದಿದವಳು, ಪ್ರಶ್ನೆ ಅರ್ಥವಾಗೋಕೇ ಸಮಯ ಹೋಗುತ್ತದೆ. ಅದಕ್ಕೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್‌ನಲ್ಲಿ ಇತಿಹಾಸ ಓದು. ಕರ್ನಾಟಕದ್ದೇ ಅರ್ಹತಾ ಪರೀಕ್ಷೆ ಕೆಸೆಟ್‌ನಲ್ಲಿ ಕನ್ನಡದಲ್ಲೂ ಪ್ರಶ್ನೆ ಇರುತ್ತದೆ, ಅದನ್ನೂ ಬರಿ. ಅದು ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ.

ಇನ್ನು ಗೈಡ್. ಯಾವ ವಿಶ್ವವಿದ್ಯಾನಿಲಯ ಅನ್ನುವುದಕ್ಕಿಂತ ಇದೇ ಮುಖ್ಯ. ಅವರಿಗೆ ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತ ಮೊದಲು ಕೇಳು. ನಾಚಿಕೆ ಬೇಡ. ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಅಂತ ಈಗ ನಿಯಮವೇ ಇದೆ. ನಿನಗೆ ಮೂರು ಸಾಲದು, ಆರು ಇರುವವರನ್ನು ಹುಡುಕು. ಪ್ರೊಫೆಸರ್ ಆದರೆ ಒಟ್ಟಿಗೆ 8 ಜನರವರೆಗೆ, ಅಸಿಸ್ಟೆಂಟ್ ಪ್ರೊಫೆಸರ್ ಆದರೆ 4 ಜನರವರೆಗೆ ಇಟ್ಟುಕೊಳ್ಳಬಹುದು. ಆ ಜನರನ್ನು, ಅದರಲ್ಲೂ ಹುಡುಗಿಯರನ್ನು, ಹೊರಗೆ ಟೀ ಅಂಗಡಿಯಲ್ಲಿ ಭೇಟಿ ಮಾಡಿ ಮಾತಾಡಿಸು. ಬರೆದುಕೊಟ್ಟಿದ್ದನ್ನು ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಮನೆಕೆಲಸ ಹೇಳುತ್ತಾರಾ? ಅವರ ಕೈಕೆಳಗೆ ಮುಗಿದ ಥೀಸಿಸ್‌ಗಳು ಶೋಧಗಂಗಾ ಅನ್ನುವ ಥೀಸಿಸ್‌ಗಳ ಜಾಲತಾಣದಲ್ಲಿ ಇರುತ್ತವೆ. ಎರಡನ್ನಾದರೂ ಪೂರ್ತಿ ಓದು. ಕೆಲಸ ಎಂಥದ್ದು ಅಂತ ಅದರಲ್ಲೇ ತಿಳಿಯುತ್ತದೆ.

ವಿಷಯದ ಬಗ್ಗೆ ನನ್ನದೊಂದು ಮಾತು. "ಹಾಸನ ಜಿಲ್ಲೆಯ ವೀರಗಲ್ಲುಗಳು: ಒಂದು ಅಧ್ಯಯನ" ಅಂತ ಮಾತ್ರ ಇಡಬೇಡ. ಇಡೀ ಜಿಲ್ಲೆ ಒಬ್ಬಳಿಗೆ ಆಗುವುದಿಲ್ಲ. ಬೇಲೂರು ತಾಲ್ಲೂಕು ಸಾಕು, ಅದರಲ್ಲೂ ಎರಡು ಹೋಬಳಿ ಸಾಕು. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಸಂಪುಟವನ್ನೂ ಪಕ್ಕದಲ್ಲಿಟ್ಟುಕೊಂಡು, ಯಾವ ಕಲ್ಲು ಈಗಲೂ ಜಾಗದಲ್ಲಿದೆ, ಯಾವುದು ಚರಂಡಿ ಚಪ್ಪಡಿಯಾಗಿದೆ ಅಂತ ನೋಡುತ್ತಾ ಹೋಗು. ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನ ಕಲ್ಲನ್ನು ತಮ್ಮ ನಿಲ್ಲಿಸಿದನೋ, ಮಗನೋ, ಹೆಂಡತಿಯೋ? ಬರಹ ಇರುವ ಕಡೆ ಅದನ್ನು ಹೇಳಿರುತ್ತಾರೆ. ಮಾಸ್ತಿಗಲ್ಲಿನಲ್ಲಿ, ಅಂದರೆ ಗಂಡನ ಜೊತೆ ಸತಿ ಹೋದವಳ ಕಲ್ಲಿನಲ್ಲಿ, ಬಳೆ ತೊಟ್ಟು ಎತ್ತಿದ ಕೈ ಮಾತ್ರ ಕಾಣುತ್ತದೆ, ಆದರೆ ಗಂಡ ಸತ್ತ ಮೇಲೂ ಬದುಕಿ ಕಲ್ಲು ಕಡೆಸಿದವಳು ಬೇರೆಯೇ ಹೆಂಗಸು. ನಿನಗೆ ಬೇಕಾಗಿರುವುದು ಅವಳು.

ಬೆಳಗಿನ ಓರೆ ಬಿಸಿಲಿನಲ್ಲಿ ಹೋಗು. ಸವೆದ ಅಕ್ಷರ ಆಗ ಏಳುತ್ತದೆ, ಮಧ್ಯಾಹ್ನ ಏನೂ ಕಾಣುವುದಿಲ್ಲ. ಸೀಮೆಸುಣ್ಣ ಉಜ್ಜಬೇಡ, ಚಾಕುವಿನಲ್ಲಿ ಕೆರೆಯಬೇಡ.

ಹಲ್ಮಿಡಿಗೂ ಒಂದು ಸಲ ಹೋಗಿ ಬಾ, ನಿಮ್ಮ ತಾಲ್ಲೂಕೇ ತಾನೆ. ಅಲ್ಲಿ ಸಿಕ್ಕ ಶಾಸನವನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರ ಕನ್ನಡ. ಅದರಲ್ಲೂ ಇರುವುದು ಕಾಳಗದ ಕಥೆಯೇ. ಕಾದಿ ಗೆದ್ದ ವಿಜ ಅರಸ ಎಂಬುವನಿಗೆ ಬಾಳ್ಗಳ್ಚಾಗಿ, ಅಂದರೆ ಕತ್ತಿಯ ರಕ್ತ ತೊಳೆದುಕೊಟ್ಟ ದತ್ತಿಯಾಗಿ, ಎರಡು ಹಳ್ಳಿ ಕೊಟ್ಟರು. ಅವನೂ ಯಾರದೋ ಮನೆಯ ಮಗ. ಅವನ ಮನೆಯ ಹೆಂಗಸರ ಬಗ್ಗೆ ಒಂದಕ್ಷರ ಇಲ್ಲ. ನೀನು ಕೇಳುತ್ತಿರುವ ಪ್ರಶ್ನೆ ಅಷ್ಟು ಹಿಂದಿನದು.

ನಾನು ಬಿಟ್ಟ ಕೆಲಸವನ್ನು ನೀನು ಮುಗಿಸಬೇಕು ಅಂತ ಇದನ್ನೆಲ್ಲ ಬರೆಯುತ್ತಿಲ್ಲ. ಅದು ನನ್ನ ಕೆರೆ, ಇದು ನಿನ್ನ ಕಲ್ಲು. ಆದರೆ ಕೆರೆ ಏರಿಗಳ ಮೇಲೆ ಓಡಾಡುವಾಗ ಕಂಡ ವೀರಗಲ್ಲುಗಳನ್ನೆಲ್ಲ ನಾನು ಬರೆದಿಟ್ಟುಕೊಂಡಿದ್ದೆ. ಊರು, ಜಾಗ, ಎಷ್ಟು ಪಟ್ಟಿ, ಬರಹ ಇದೆಯಾ ಇಲ್ಲವಾ. ನಾಲ್ಕು ನೋಟ್‌ಬುಕ್ಕಿದೆ. ನಿನ್ನ ಕಾಗದ ಬಂದ ದಿನ ಟ್ರಂಕು ತೆಗೆದೆ, ಒಂದಕ್ಕೆ ಗೆದ್ದಲು ಹಿಡಿದಿದೆ, ಮೂರು ಚೆನ್ನಾಗಿವೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬೇಲೂರಿಗೆ ಬರುತ್ತೇನೆ, ನೋಟ್‌ಬುಕ್ಕುಗಳನ್ನೂ ತರುತ್ತೇನೆ. ನೀನು ಬಸ್ ಸ್ಟ್ಯಾಂಡಿಗೆ ಬಾ. ಅತ್ತಿಗೆಗೆ ಕಡುಬು ಮಾಡೋಕೆ ಹೇಳು. ಅಷ್ಟರೊಳಗೆ ಒಂದು ಹಾಳೆಯ ಮೇಲೆ ವರ್ಷ ವರ್ಷದ ಲೆಕ್ಕ ಬರೆದಿಡು, ದುಡ್ಡಿನದು ಪಕ್ಕದಲ್ಲಿ. ಊಟ ಆದ ಮೇಲೆ ಅಪ್ಪನ ಮುಂದೆ ನೀನೇ ಓದಬೇಕು. ನಾನು ನಡುವೆ ಮಾತಾಡುವುದಿಲ್ಲ. ನಿನ್ನ ಪಕ್ಕ ಕೂತಿರುತ್ತೇನೆ.

ನಿನ್ನ,
ಅತ್ತೆ