‘ನಾನು’ ಎಂಬುದು ಉತ್ತಮ ಪುರುಷ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಹೊಸದಾಗಿ ಕತೆ ಬರೆಯುವವರಿಗೆಂದು ಪ್ರಕಟವಾದ ನಿರೂಪಣೆಯ ದೃಷ್ಟಿಕೋನ (ಕತೆಯನ್ನು ಯಾರು, ಎಲ್ಲಿ ನಿಂತು ಹೇಳುತ್ತಾರೆ ಎಂಬುದು) ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಪತ್ರಿಕೆಯು ಅರ್ಧ ಪುಟ ಕೊಟ್ಟಿರುವುದು ಸಂತೋಷದ ಸಂಗತಿ. ಆದರೆ ‘ನಾನು’ ಎಂದು ಹೇಳಿಕೊಂಡು ಸಾಗುವ ಕತೆಯನ್ನು ಲೇಖನದುದ್ದಕ್ಕೂ ‘ಪ್ರಥಮ ಪುರುಷ ನಿರೂಪಣೆ’ ಎಂದು ಕರೆದಿರುವುದು ತಪ್ಪು. ಕನ್ನಡ ವ್ಯಾಕರಣದಲ್ಲಿ ಪ್ರಥಮ ಪುರುಷವೆಂದರೆ ಅವನು, ಅವಳು, ಅದು. ‘ನಾನು’ ಉತ್ತಮ ಪುರುಷ. 13ನೇ ಶತಮಾನದ ಕೇಶಿರಾಜನು ಹಳಗನ್ನಡ ವ್ಯಾಕರಣ ಗ್ರಂಥವಾದ ಶಬ್ದಮಣಿದರ್ಪಣದಲ್ಲಿ ಕ್ರಿಯಾಪದದ ಪ್ರತ್ಯಯಗಳನ್ನು ಅಂ, ಅರ್, ಅಯ್, ಇರ್, ಎಂ, ಎವು ಎಂಬ ಅನುಕ್ರಮದಲ್ಲಿಯೇ ಹೇಳುತ್ತಾನೆ. ಮೊದಲು ಅವನು-ಅವರು, ಆಮೇಲೆ ನೀನು-ನೀವು, ಕಡೆಗೆ ನಾನು-ನಾವು. ಇಂಗ್ಲಿಷಿನವರು ಎಣಿಕೆಯನ್ನು ‘ನಾನು’ ಎಂಬಲ್ಲಿಂದ ಆರಂಭಿಸುತ್ತಾರೆ. ಅವರ ಒಂದನೆಯದನ್ನು ತಂದು ನಮ್ಮ ‘ಪ್ರಥಮ’ದ ಮೇಲೆ ಹೇರಿದರೆ ಅರ್ಥ ತಲೆಕೆಳಗಾಗುತ್ತದೆ. ಈ ಲೇಖನವನ್ನು ನಂಬಿದ ಹತ್ತನೆಯ ತರಗತಿಯ ಹುಡುಗ ಪರೀಕ್ಷೆಯಲ್ಲಿ ಹಾಗೆಯೇ ಬರೆದರೆ ಅವನ ಅಂಕ ಹೋಗುತ್ತದೆ.

ಹೆಸರಿನ ಗೊಂದಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ‘ನಾನು’ ಅಥವಾ ‘ಅವನು’ ಎಂಬುದನ್ನು ತೀರ್ಮಾನಿಸಿದರೆ ದೃಷ್ಟಿಕೋನದ ಆಯ್ಕೆ ಮುಗಿಯಿತು ಎಂಬಂತೆ ಲೇಖಕರು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ರಾಜನಿಗೂ ಜೀತದಾಳಿಗೂ ಒಂದೇ ಸರ್ವನಾಮ ಸಾಕಾಗುತ್ತದೆ. ಕನ್ನಡದಲ್ಲಿ ‘ಬಂದ’ ಎನ್ನಬೇಕೋ ‘ಬಂದರು’ ಎನ್ನಬೇಕೋ ಎಂಬುದನ್ನು ನಿರ್ಧರಿಸದೆ ಒಂದು ವಾಕ್ಯವನ್ನೂ ಮುಗಿಸಲಾಗದು. ಹಾಗೆ ನಿರ್ಧರಿಸಿದ ಕ್ಷಣದಲ್ಲಿಯೇ ಕತೆ ಹೇಳುವವನು ಊರಿನ ಯಾವ ಓಣಿಯಲ್ಲಿ ನಿಂತಿದ್ದಾನೆ ಎಂಬುದು ಓದುಗನಿಗೆ ತಿಳಿದುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಕಾಲೇಜೊಂದರ ಕಥಾಸ್ಪರ್ಧೆಯ ಹಸ್ತಪ್ರತಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಗುಳೆ ಹೋಗುವ ಕೂಲಿ ಕುಟುಂಬವೊಂದರ ಕತೆಯಿತ್ತು. ವಿದ್ಯಾರ್ಥಿಯ ಸಹಾನುಭೂತಿಯೆಲ್ಲ ಕೂಲಿಯವನ ಕಡೆಗೇ ಇತ್ತು. ಆದರೂ ಮೊದಲ ಸಾಲು ಹೀಗಿತ್ತು: ‘ಗೌಡರು ಕಟ್ಟೆಯ ಮೇಲೆ ಕುಳಿತಿದ್ದರು. ಹನುಮಂತ ಬಂದು ಕೆಳಗೆ ನಿಂತ.’ ಗೌಡರಿಗೆ ಬಹುವಚನ, ಅವರಿಗಿಂತ ವಯಸ್ಸಿನಲ್ಲಿ ಹಿರಿಯನಾದ ಹನುಮಂತನಿಗೆ ಏಕವಚನ. ಎಲ್ಲವನ್ನೂ ಬಲ್ಲ, ಊರ ಹೊರಗೆ ನಿಂತ ನಿರೂಪಕನ ಬಾಯಲ್ಲಿ ಈ ವಾಕ್ಯ ಬಂದಾಗ ಆ ಗೌರವ ನಿರೂಪಕನದೇ ಆಗುತ್ತದೆ. ಕತೆ ತನಗೆ ಗೊತ್ತಿಲ್ಲದೆಯೇ ಕಟ್ಟೆ ಏರಿ ಗೌಡರ ಪಕ್ಕದಲ್ಲಿ ಕೂರುತ್ತದೆ. ಇದನ್ನು ಕೇಳಿದಾಗ ಆ ಹುಡುಗ, ‘ಸರ್, ನಮ್ಮೂರಾಗ ಹಂಗ ಅಂತಾರ್ರೀ’ ಎಂದ. ಅವನ ಮಾತೂ ಸುಳ್ಳಲ್ಲ. ಅದೇ ಸಾಲನ್ನು ಹನುಮಂತನ ಮಗಳು ಹೇಳಿದ್ದರೆ ‘ಗೌಡರು’ ಎಂಬಲ್ಲಿ ಅಂಜಿಕೆ ಕೇಳಿಸುತ್ತಿತ್ತು, ‘ಅಪ್ಪ ಬಂದು ಕೆಳಗೆ ನಿಂತ’ ಎಂಬಲ್ಲಿ ಸಂಕಟ ಕೇಳಿಸುತ್ತಿತ್ತು. ಹಾಗೆಂದು ‘ನಾನು’ ಎಂಬುದೇ ಎಲ್ಲಕ್ಕೂ ಮದ್ದೆಂದು ನಾನು ಹೇಳಲಾರೆ. ಹತ್ತು ವರ್ಷದ ಮಗುವಿನ ಬಾಯಿಂದ ‘ಶೋಷಣೆ’, ‘ವ್ಯವಸ್ಥೆ’ ಎಂಬ ಮಾತುಗಳನ್ನು ಆಡಿಸಿದ ಕತೆಗಳೂ ಆ ಕಟ್ಟಿನಲ್ಲಿ ಬೇಕಾದಷ್ಟಿದ್ದವು.

ಉತ್ತಮ ಪುರುಷಕ್ಕೆ ಹೋಗದೆಯೂ ಪಾತ್ರದ ಒಳಗನ್ನು ಹೊಗುವ ದಾರಿ ಕನ್ನಡದಲ್ಲಿದೆ. ‘ಅವ್ವ ಬೆಂಗಳೂರಿನ ಬಸ್ಸು ಹತ್ತಿದಳು; ತಾನು ಮಾತ್ರ ಅಜ್ಜಿಯ ಹತ್ತಿರ ಉಳಿಯಬೇಕು’ ಎಂದು ಬರೆದರೆ ‘ತಾನು’ ಎಂಬ ಒಂದೇ ಪದ ನಮ್ಮನ್ನು ಊರಲ್ಲೇ ಉಳಿದ ಹುಡುಗಿಯ ಮನಸ್ಸಿನೊಳಗೆ ತಂದು ನಿಲ್ಲಿಸುತ್ತದೆ; ಅಲ್ಲಿ ‘ಅವಳು’ ಎಂದು ಹಾಕಿ ನೋಡಿದರೆ ನಾವು ಬಸ್ ನಿಲ್ದಾಣದಲ್ಲಿ ದೂರ ನಿಂತವರಾಗುತ್ತೇವೆ. ಬರುವುದು, ಹೋಗುವುದು ಎಂಬ ಕ್ರಿಯಾಪದಗಳ ಕೆಲಸವೂ ಇಂಥದೇ. ತುಂಗಭದ್ರಾ ಎಡದಂಡೆ ಕಾಲುವೆಯ ಸುದ್ದಿಯನ್ನು ಪತ್ರಿಕೆಗಳು ‘ಕಾಲುವೆಗೆ ನೀರು ಬಿಡಲಾಯಿತು’ ಎಂದು ಬರೆಯುತ್ತವೆ. ಅದು ಮುನಿರಾಬಾದಿನಲ್ಲಿ ಗೇಟಿನ ಬಳಿ ನಿಂತವರ ವಾಕ್ಯ. ಮಾನ್ವಿ, ಸಿರವಾರದ ಕಡೆ ಕಾಲುವೆಯ ಕೊನೆಯಂಚಿನಲ್ಲಿ ಭತ್ತದ ಸಸಿ ಹಾಕಿಕೊಂಡು ಕಾಯುವ ರೈತನ ವಾಕ್ಯ ಬೇರೆ: ‘ನೀರು ಬಂತು’ ಅಥವಾ ‘ನೀರು ಬರಲಿಲ್ಲ’. ಕತೆಗಾರನಿಗೆ ಕಲಿಸಬೇಕಾದದ್ದು ಈ ಎರಡು ವಾಕ್ಯಗಳ ನಡುವಿನ ದೂರವನ್ನು. ಇದು ವರದಿಗಾರರಿಗೂ ಸಲ್ಲುವ ಮಾತೆಂದರೆ ತಾವು ಬೇಸರಿಸಬಾರದು.

ಒಂದೇ ಕತೆಯಲ್ಲಿ ದೃಷ್ಟಿಕೋನವನ್ನು ಬದಲಿಸಲೇಬಾರದು ಎಂಬ ಲೇಖಕರ ಕಟ್ಟುನಿಟ್ಟನ್ನು ನಾನು ಒಪ್ಪಲಾರೆ. 1979ರಲ್ಲಿ ಬಂದ ‘ಪರ್ವ’ ಕಾದಂಬರಿಯು ಮಹಾಭಾರತವನ್ನು ಕುಂತಿ, ದ್ರೌಪದಿ, ಭೀಮ ಮುಂತಾದವರ ನೆನಪುಗಳ ಮೂಲಕವೇ ಕಟ್ಟುತ್ತದೆ. ಅಷ್ಟು ದೂರವೇಕೆ, ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಹಾಡಿದ ಪರಂಪರೆಯಲ್ಲಿ ಕತೆ ಹೇಳುವವರೇ ಮರುಗಳಿಗೆಯಲ್ಲಿ ಪಾತ್ರವಾಗಿ ಅಳುತ್ತಾರೆ, ಮತ್ತೆ ಹೊರಬಂದು ಆ ಪಾತ್ರದ ತಪ್ಪನ್ನು ಆಡಿ ತೋರಿಸುತ್ತಾರೆ. ಕೇಳುವವರು ದಾರಿ ತಪ್ಪುವುದಿಲ್ಲ, ಏಕೆಂದರೆ ದನಿ, ಧಾಟಿ, ವಾದ್ಯದ ಬಡಿತಗಳು ಆ ಬದಲಾವಣೆಯನ್ನು ಮೊದಲೇ ಸಾರುತ್ತವೆ. ಅಚ್ಚಿನಲ್ಲಿ ಆ ಅನುಕೂಲವಿಲ್ಲವಾದ್ದರಿಂದ ಒಂದೇ ಪರಿಚ್ಛೇದದಲ್ಲಿ ಇಬ್ಬರ ಮನಸ್ಸಿನೊಳಗೆ ಹೊಕ್ಕರೆ ಓದುಗ ಎಡವುತ್ತಾನೆ ಎಂಬಷ್ಟರ ಮಟ್ಟಿಗೆ ಲೇಖಕರ ಎಚ್ಚರಿಕೆ ಸರಿಯಾಗಿದೆ.

ಲೇಖನದ ಮುಂದಿನ ಭಾಗ ಬರುವ ವಾರ ಪ್ರಕಟವಾಗಲಿದೆ ಎಂದು ಸೂಚಿಸಿದ್ದೀರಿ. ಅದರ ಜೊತೆಯಲ್ಲಿ ‘ಪ್ರಥಮ ಪುರುಷ’ದ ತಿದ್ದುಪಡಿಯನ್ನೂ ಪ್ರಕಟಿಸಬೇಕೆಂದು, ಉದಾಹರಣೆಗಳನ್ನು ಅನುವಾದಿತ ವಾಕ್ಯಗಳಿಂದ ಆರಿಸದೆ ಕನ್ನಡದಲ್ಲಿಯೇ ಹುಟ್ಟಿದ ವಾಕ್ಯಗಳಿಂದ ಆರಿಸುವಂತೆ ಲೇಖಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕ,
ಸಿಂಧನೂರು, ರಾಯಚೂರು ಜಿಲ್ಲೆ