ಎಂಟನೇ ಕ್ಲಾಸಿನ ಎಐ ಕಾಮಿಕ್ಸ್ ಬಗ್ಗೆ ಪೋಷಕರಿಗೆ ಪತ್ರ

ಪೋಷಕರಿಗೆಲ್ಲಾ ನಮಸ್ಕಾರ,

ಎಂಟನೇ ಕ್ಲಾಸಿನ ಮಕ್ಕಳು ಮನೆಗೆ ತಂದಿರೋ ಸೊಳ್ಳೆ ಕಾಮಿಕ್ಸ್ ನೋಡಿ ಸುಮಾರು ಜನ ಫೋನ್ ಮಾಡಿದ್ರಿ, ಕೆಲವರು ಗೇಟ್ ಹತ್ರನೇ ನಿಲ್ಲಿಸಿ ಕೇಳಿದ್ರಿ, ಮೇಡಂ ಇದೇನು ಪಾಠ ಬಿಟ್ಟು ಬೊಂಬೆ ಪುಸ್ತಕ ಓದಿಸ್ತಿದೀರಾ, ಅದೂ ಕಂಪ್ಯೂಟರ್ ಬರೆದಿದ್ದಂತೆ, ಮಕ್ಕಳು ತಲೆ ಉಪಯೋಗಿಸೋದೇ ಬಿಟ್ಬಿಡ್ತಾರಲ್ವಾ ಅಂತ. ಕೇಳಿದ್ದು ಒಳ್ಳೇದೇ ಆಯ್ತು. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳೋದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆ ಕಾಮಿಕ್ಸ್ ಹೇಗೆ ತಯಾರಾಯ್ತು ಅಂತ ಹೇಳ್ತೀನಿ. ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠ ಇದೆ, ಅದರಲ್ಲಿ ಹೆಣ್ಣು ಅನಾಫಿಲಿಸ್ ಸೊಳ್ಳೆ ಮಲೇರಿಯಾ ಹರಡುತ್ತೆ, ಹೆಣ್ಣು ಈಡಿಸ್ ಸೊಳ್ಳೆ ಡೆಂಗ್ಯೂ ಹರಡುತ್ತೆ ಅಂತ ಬರುತ್ತೆ. ಮಕ್ಕಳು ಅದನ್ನ ಬಾಯಿಪಾಠ ಮಾಡಿ ಪರೀಕ್ಷೇಲಿ ಬರೆದು ಮರೆತುಬಿಡ್ತಾರೆ. ನಮ್ಮ ಸೈನ್ಸ್ ಮೇಷ್ಟ್ರು ಇದರ ಹಿಂದಿನ ಕಥೆ ಹೇಳಿದ್ರು. ರೊನಾಲ್ಡ್ ರಾಸ್ ಅನ್ನೋ ಮಿಲಿಟರಿ ಡಾಕ್ಟರು, 1895ರಲ್ಲಿ ಕಾಲರಾ ಕೆಲಸಕ್ಕೆ ಅಂತ ನಮ್ಮ ಬೆಂಗಳೂರಿಗೂ ಬಂದಿದ್ದವರು, 1897ರ ಆಗಸ್ಟ್ 20ಕ್ಕೆ ಸಿಕಂದರಾಬಾದಿನಲ್ಲಿ ಸೊಳ್ಳೆ ಹೊಟ್ಟೆ ಸೀಳಿ ಮೈಕ್ರೋಸ್ಕೋಪಲ್ಲಿ ನೋಡಿದಾಗ ಅದರ ಜಠರದ ಗೋಡೇಲಿ ಮಲೇರಿಯಾ ಪರಾವಲಂಬಿ ಸಿಕ್ತು, ಅದಕ್ಕೇ 1902ರಲ್ಲಿ ನೊಬೆಲ್ ಬಂತು. ಆ ಸೊಳ್ಳೆಗಳಿಗೆ ಮೈಕೊಟ್ಟು ಕಚ್ಚಿಸ್ಕೊಂಡವನು ಹುಸೇನ್ ಖಾನ್ ಅನ್ನೋ ರೋಗಿ, ಒಂದು ಸೊಳ್ಳೆ ಕಚ್ಚಿದ್ರೆ ಒಂದಾಣೆ ಅಂತ ಅವನಿಗೆ ದುಡ್ಡು ಕೊಟ್ಟಿದ್ರು. ಇದನ್ನ ಕೇಳಿದ್ಮೇಲೆ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂತ್ರು.

ಆಮೇಲೆ ಮಕ್ಕಳನ್ನ ಗುಂಪು ಮಾಡಿ ಕಥೆ ಬರೆಸಿದ್ವಿ. ಒಂದೊಂದು ಚೌಕದಲ್ಲೂ ಏನಿರಬೇಕು, ಯಾರಿರಬೇಕು, ಸೊಳ್ಳೆ ಹೇಗೆ ಕೂತಿರಬೇಕು ಎಲ್ಲಾ ಅವರೇ ಪುಸ್ತಕ ನೋಡಿ ಬರೆದ್ರು. ಅವರು ಬರೆದಿದ್ದನ್ನ ಮೇಷ್ಟ್ರು ಕಂಪ್ಯೂಟರಲ್ಲಿ ಟೈಪ್ ಮಾಡಿ ಎಐಗೆ, ಅಂದ್ರೆ ಕೃತಕ ಬುದ್ಧಿಮತ್ತೆಗೆ ಕೊಟ್ರು, ಅದು ಚಿತ್ರ ಮಾಡಿಕೊಡ್ತು. ಮಾತಿನ ಗುಳ್ಳೆಗಳನ್ನ ಬೇಕಂತಲೇ ಖಾಲಿ ಬಿಡಿಸಿದ್ವಿ, ಯಾಕಂದ್ರೆ ಈ ಯಂತ್ರಗಳು ಚಿತ್ರದೊಳಗೆ ಕನ್ನಡ ಬರೆಯುವಾಗ ಎಷ್ಟೋ ಸಲ ಒತ್ತಕ್ಷರಗಳನ್ನ ಕೆಡಿಸಿಬಿಡ್ತವೆ, ಮಕ್ಕಳು ತಪ್ಪು ಕನ್ನಡ ನೋಡೋದು ನನಗಿಷ್ಟ ಇಲ್ಲ. ಝೆರಾಕ್ಸ್ ಮಾಡಿಸಿ ಕೊಟ್ವಿ, ಗುಳ್ಳೆಯೊಳಗಿನ ಮಾತು ಪೂರ್ತಿ ಮಕ್ಕಳ ಕೈಬರಹ. ಪ್ಯಾರಾ ಓದೋಕೆ ಹಿಂಜರಿಯೋ ಮಕ್ಕಳು ಕೂಡ ತಾವೇ ಬರೆದ ಎರಡು ಸಾಲನ್ನ ಎದ್ದುನಿಂತು ಗಟ್ಟಿಯಾಗಿ ಓದಿದ್ರು.

ಇನ್ನು ನಿಜವಾದ ಪಾಠ ಶುರುವಾಗಿದ್ದೇ ಇಲ್ಲಿಂದ. ಎಐ ಬರೆದ ಚಿತ್ರ ನೋಡೋಕೆ ಬಹಳ ಚೆನ್ನಾಗಿರುತ್ತೆ, ಆದ್ರೆ ಅದರಲ್ಲಿ ತಪ್ಪಿರುತ್ತೆ, ಆ ತಪ್ಪು ಹುಡುಕೋದೇ ಮಕ್ಕಳಿಗೆ ಕೊಟ್ಟ ಕೆಲಸ. ಒಂದು ಚಿತ್ರದಲ್ಲಿ ಸೊಳ್ಳೆಗೆ ಎಂಟು ಕಾಲು, ಇನ್ನೊಂದರಲ್ಲಿ ನಾಲ್ಕು ರೆಕ್ಕೆ. ಹುಸೇನ್ ಖಾನ್ ಒಂದು ಚೌಕದಲ್ಲಿ ಮುದುಕ, ಪಕ್ಕದ ಚೌಕದಲ್ಲಿ ಹುಡುಗ. ರಾಸ್ ಅವರ ಕೋಣೇಲಿ ಟ್ಯೂಬ್‌ಲೈಟ್ ಉರೀತಿತ್ತು, 1897ರಲ್ಲಿ! ಒಬ್ಬ ಹುಡುಗಿ ಸತ್ತ ಸೊಳ್ಳೇನ ಬೆಂಕಿಪೊಟ್ಟಣದಲ್ಲಿಟ್ಕೊಂಡು ಬಂದಳು, ಎಲ್ಲರೂ ಲೆನ್ಸಲ್ಲಿ ನೋಡಿ ಎಣಿಸಿದ್ರು, ಕಾಲು ಆರು, ರೆಕ್ಕೆ ಎರಡೇ. ಕಾಲ್ಮೇಲೆ ಬಿಳಿ ಪಟ್ಟಿ ಇದೆ ನೋಡಿ ಮಿಸ್, ಇದು ಈಡಿಸ್ ಅಂತ ಅವಳೇ ಹೇಳಿದಳು. ಸೊಳ್ಳೆಯ ಮರಿಹುಳುಗಳನ್ನಂತೂ (ಲಾರ್ವಾ) ಎಐ ಎರೆಹುಳು ಥರ ಬರೆದಿತ್ತು, ಅದಕ್ಕೆ ನಮ್ಮ ಊರಿನ ಆಶಾ ಕಾರ್ಯಕರ್ತೆ ಅಕ್ಕನ್ನ ಸ್ಕೂಲಿಗೆ ಕರೆಸಿದ್ವಿ, ಅವರು ಲಾರ್ವಾ ಸರ್ವೆಗೆ ಮನೆಮನೆಗೆ ಹೋಗೋರು, ಹಳೇ ಟೈರಲ್ಲಿ ನಿಂತಿದ್ದ ನೀರನ್ನ ಬಾಟಲಿಯಲ್ಲಿ ತಂದು ತೋರಿಸಿದ್ರು. ಈಡಿಸ್ ಮರಿ ನೀರಲ್ಲಿ ತಲೆಕೆಳಗಾಗಿ ನೇತಾಡುತ್ತೆ, ಬಾಲದ ಹತ್ರ ಇರೋ ಕೊಳವೇಲಿ ಉಸಿರಾಡುತ್ತೆ, ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ, ಅದು ನೀರಿನ ಮೇಲ್ಮೈಗೆ ಸಮವಾಗಿ ಮಲಗಿರುತ್ತೆ. ಬೆಳೆದ ಅನಾಫಿಲಿಸ್ ಸೊಳ್ಳೆ ಕಚ್ಚುವಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತೆ, ಚಿತ್ರದಲ್ಲಿ ಮಟ್ಟಸವಾಗಿ ಕೂತಿತ್ತು. ಇದನ್ನೆಲ್ಲಾ ಮಕ್ಕಳು ಕೆಂಪು ಪೆನ್ನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಸರಿಯಾದ ಚಿತ್ರ ತಾವೇ ಬರೆದಿದಾರೆ. ನಿಮ್ಮ ಮನೆಗೆ ಬಂದಿರೋ ಹಾಳೇಲಿ ಆ ಕೆಂಪು ಗುರುತುಗಳಿವೆ, ಅವನ್ನ ನೋಡಿ, ಯಾಕೆ ತಪ್ಪು ಅಂತ ಮಗೂನ ಕೇಳಿ.

ಹಾಗಾಗಿ ತಲೆ ಉಪಯೋಗಿಸೋದು ಬಿಡ್ತಾರೆ ಅನ್ನೋ ನಿಮ್ಮ ಭಯಕ್ಕೆ ನನ್ನ ಉತ್ತರ ಇದು, ಎಐ ಕೊಟ್ಟಿದ್ದನ್ನ ಹಾಗೇ ಅಂಟಿಸಿದ್ರೆ ಖಂಡಿತ ಬಿಡ್ತಾರೆ, ಹೀಗೆ ತಪ್ಪು ಹುಡುಕಿಸಿದ್ರೆ ಬಿಡಲ್ಲ. ಇವತ್ತು ಮೊಬೈಲಲ್ಲಿ ಬರೋ ಚಿತ್ರಗಳಲ್ಲಿ ಯಾವುದು ನಿಜ ಯಾವುದು ಸುಳ್ಳು ಅಂತ ದೊಡ್ಡವರಿಗೇ ಗೊತ್ತಾಗ್ತಿಲ್ಲ. ಚಿತ್ರ ಎಷ್ಟೇ ಚಂದ ಇದ್ರೂ ಪುಸ್ತಕದ ಜೊತೆ, ಕಣ್ಣಾರೆ ಕಂಡಿದ್ದರ ಜೊತೆ ಹೋಲಿಸಿ ನೋಡೋ ಅಭ್ಯಾಸ ಹದಿಮೂರು ಹದಿನಾಲ್ಕು ವಯಸ್ಸಿನಲ್ಲೇ ಬರಬೇಕು ಅನ್ನೋದು ನನ್ನ ಆಸೆ. ಇನ್ನೊಂದು ವಿಷಯಾನೂ ಮಕ್ಕಳೇ ಹಿಡಿದ್ರು, ಹಳ್ಳಿ ಅಂತ ಹೇಳಿದ್ರೆ ಸಾಕು ಎಐ ಬರೀ ಹುಲ್ಲಿನ ಗುಡಿಸಲು ಬರೆಯುತ್ತೆ, ನಮ್ಮೂರಲ್ಲಿ ಎಲ್ಲಿದೆ ಗುಡಿಸಲು ಅಂತ. ಅದು ಇಂಟರ್ನೆಟ್ಟಿನಲ್ಲಿರೋ ರಾಶಿ ರಾಶಿ ಚಿತ್ರ, ಅವುಗಳ ಕೆಳಗಿನ ಬರಹ ನೋಡಿ ಕಲಿತಿರೋದು, ಅಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ವಾಪಸ್ ಕೊಡುತ್ತೆ ಅಂತ ಮೇಷ್ಟ್ರು ವಿವರಿಸಿದ್ರು. ಆ ರಾಶಿಯಲ್ಲಿ ಎಷ್ಟೋ ಕಲಾವಿದರ ಕೆಲಸ ಅವರನ್ನ ಕೇಳದೇ ಸೇರಿಕೊಂಡಿದೆ, ಅದಕ್ಕೆ ಬೇರೆ ಬೇರೆ ದೇಶಗಳಲ್ಲಿ ಕೋರ್ಟ್ ಕೇಸು ನಡೀತಿವೆ. ಆದ್ದರಿಂದ ಇಂಥ ಕಲಾವಿದರ ಥರ ಬರೆದುಕೊಡು ಅಂತ ನಾವು ಯಾವತ್ತೂ ಕೇಳಲ್ಲ, ಡ್ರಾಯಿಂಗ್ ಪೀರಿಯಡ್ ಕೂಡ ಕಡಿಮೆ ಮಾಡಿಲ್ಲ, ಮಾಡೋದೂ ಇಲ್ಲ.

ಮಾರ್ಕ್ಸ್ ಬಗ್ಗೆ ಕೇಳಿದವರಿಗೆ, ಪಾಠ ಎಂದಿನಂತೆ ನಡೆಯುತ್ತೆ, ಭಾಗಗಳನ್ನ ಗುರುತಿಸೋ ಚಿತ್ರ ಕೈಯಲ್ಲೇ ಬರೀಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ಅಂಕ ಇದೆ.

ಈಗ ಮುಖ್ಯವಾದ್ದು. ಯಾವ ಮಗುವಿನ ಹೆಸರಲ್ಲೂ ಎಐ ಅಕೌಂಟ್ ಮಾಡಿಸಿಲ್ಲ, ಮೇಷ್ಟ್ರ ಲಾಗಿನ್ ಮಾತ್ರ, ಸ್ಕೂಲ್ ಕಂಪ್ಯೂಟರ್ ಮಾತ್ರ. ಚಾಟ್‌ಜಿಪಿಟಿಯಂಥ ಆಪ್‌ಗೆ ಕನಿಷ್ಠ 13 ವರ್ಷ ಆಗಿರಬೇಕು, 18ರ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಅವರದೇ ನಿಯಮ ಇದೆ, ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾಯ್ದೇನೂ 18 ತುಂಬದವರನ್ನ ಮಕ್ಕಳು ಅಂತಲೇ ಲೆಕ್ಕ ಹಾಕುತ್ತೆ. ಮಕ್ಕಳ ಫೋಟೋ, ಹೆಸರು, ಧ್ವನಿ ಯಾವುದನ್ನೂ ನಾವು ಎಐಗೆ ಕೊಡಲ್ಲ. ನೀವೂ ದಯವಿಟ್ಟು ಮಗು ಫೋಟೋ ಹಾಕಿ ಕಾರ್ಟೂನ್ ಮಾಡಿಸೋ ಆಪ್‌ಗಳಿಂದ ದೂರ ಇರಿ, ಆ ಫೋಟೋ ಎಲ್ಲಿಗೆ ಹೋಗುತ್ತೆ ಅಂತ ನಮ್ಮ ಕೈಲಿರಲ್ಲ. ಹೋಂವರ್ಕಿಗೆ ಅಂತ ಮೊಬೈಲ್ ಕೇಳಿದ್ರೆ ಕೊಡಬೇಡಿ, ಈ ಕಾಮಿಕ್ಸ್ ಕೆಲಸಕ್ಕೆ ಮನೇಲಿ ಮೊಬೈಲ್ ಬೇಕಾಗೇ ಇಲ್ಲ.

ಮುಂದೆ ಸಮಾಜ ವಿಜ್ಞಾನದಲ್ಲಿ ಕಿತ್ತೂರಿನ ಕಾಮಿಕ್ಸ್ ಮಾಡೋಣ ಅಂತ ಮಕ್ಕಳು ಕೇಳ್ತಿದಾರೆ. ಅದಕ್ಕೆ ಎಐ ಚಿತ್ರ ಬೇಡ ಅಂತ ನಾನು ತೀರ್ಮಾನ ಮಾಡಿದೀನಿ. ರಾಸ್ ಅವರದ್ದಾದ್ರೆ ಫೋಟೋ ಇದೆ, ಹೋಲಿಸಿ ನೋಡಬಹುದು. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯಾನ ಸೋಲಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟ ಚೆನ್ನಮ್ಮನ ಫೋಟೋ ಎಲ್ಲಿದೆ? ಯಂತ್ರ ಯಾವುದೋ ಸಿನಿಮಾ ಮುಖ ಕೊಡುತ್ತೆ, ಮಕ್ಕಳ ಮನಸ್ಸಲ್ಲಿ ಅದೇ ಕೂತುಬಿಡುತ್ತೆ. ಕಿತ್ತೂರು ಕಾಮಿಕ್ಸ್ ಪೂರ್ತಿ ಮಕ್ಕಳ ಕೈಯಲ್ಲೇ ಆಗಲಿ.

ನಿಮ್ಮಿಂದ ಎರಡು ಸಹಾಯ ಬೇಕು. ಮನೇಲಿ ಅಜ್ಜ ಅಜ್ಜಿ ಇದ್ರೆ ಹಿಂದೆ ಮಲೇರಿಯಾ ನಿರ್ಮೂಲನೆಯವರು ಊರಿಗೆ ಬಂದು ಡಿಡಿಟಿ ಹೊಡೆದು ಗೋಡೆ ಮೇಲೆ ತಾರೀಕು ಬರೆದು ಹೋಗ್ತಿದ್ದಿದ್ದು ನೆನಪಿದ್ಯಾ ಅಂತ ಕೇಳಿ, ನೆನಪಿದ್ದವರು ಒಂದು ಶನಿವಾರ ಸ್ಕೂಲಿಗೆ ಬಂದು ಮಕ್ಕಳಿಗೆ ಹೇಳಬೇಕು, ಕಾಮಿಕ್ಸಿನ ಎರಡನೇ ಭಾಗ ಅವರ ಮಾತಿನಿಂದಲೇ ಮಾಡ್ತೀವಿ. ಇನ್ನೊಂದು, ಮಗು ಕೈಲಿ ಕಳಿಸಿರೋ ಒಪ್ಪಿಗೆ ಚೀಟಿಗೆ ಸಹಿ ಹಾಕಿ ವಾಪಸ್ ಕಳಿಸಿ. ಒಪ್ಪಿಗೆ ಇಲ್ಲದಿದ್ರೆ ಇಲ್ಲ ಅಂತಲೇ ಬರೀರಿ, ಬೇಜಾರೇನಿಲ್ಲ, ಆ ಮಗು ಅದೇ ಕಥೆಗೆ ಕೈಯಲ್ಲೇ ಚಿತ್ರ ಬರೆಯುತ್ತೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿನಲ್ಲಿ ಎಲ್ಲಾ ಹಾಳೆಗಳನ್ನ ಗೋಡೆಗೆ ಹಾಕಿರ್ತೀವಿ, ಮೇಷ್ಟ್ರು ಎಐ ಹೇಗೆ ಕೆಲಸ ಮಾಡುತ್ತೆ ಅಂತ ನಿಮ್ಮೆದುರೇ ತೋರಿಸ್ತಾರೆ, ಬಿಡುವು ಮಾಡ್ಕೊಂಡು ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ